ಕರಿ ನಾಕರಿಂದ ಕರಿ ಒಂದಕ್ಕ: ಒಬ್ಬಾಕಿ ಗಾಯಕಿಯ ಶ್ರುತಿ ಇಳಿಸಿದ ಪ್ರಕರಣ

ಮೊದ್ಲ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಸಮಾಜಕಾರ್ಯ ಓದಿದಾಂವನೂ ಅಲ್ಲ. ಹುಬ್ಬಳ್ಳಿ-ಧಾರವಾಡ ಸುತ್ತಮುತ್ತ ಇಪ್ಪತ್ತೆಂಟು ವರ್ಷದಿಂದ ಪೇಟಿ, ಅಂದ್ರ ಹಾರ್ಮೋನಿಯಂ, ನುಡಸ್ಕೋತ ಬಂದೀನಿ, ಭಜನಿ, ನಾಟಕ, ಮದವಿ ಆರ್ಕೆಸ್ಟ್ರಾ, ಮಠದ ಶಿವಾನುಭವ, ಎಲ್ಲಿ ಕರದ್ರ ಅಲ್ಲಿ. ನಮ್ಮ ಮೇಳಕ್ಕ 2021ರ ಕೊನೀಗೆ ಒಬ್ಬಾಕಿ ಟ್ರಾನ್ಸ್‌ಜೆಂಡರ್ ಗಾಯಕಿ ಬಂದ್ಲು, ಅಕಿ ಬಂದ ಮ್ಯಾಲೆ ಮೊದಲನೇ ವರ್ಷ ನಾವು ಮಾಡಿದ ತಪ್ಪು ಲೆಕ್ಕ ಇಲ್ಲದಷ್ಟು, ಅದರಾಗ ದೊಡ್ಡದು ನಂದ. ಈಗ ಬ್ಯಾರೆ ಮೇಳದಾವ್ರು ಫೋನ್ ಮಾಡಿ "ನಮ್ಮಲ್ಲೂ ಒಬ್ಬರು ಬಂದಾರ, ಹೆಂಗ ಮಾಡೂದ್ರಿ" ಅಂತ ಕೇಳ್ತಾರ, ಪ್ರತಿ ಸಲ ಅರ್ಧಾ ತಾಸು ಮಾತಾಡೂಕಿಂತ ಒಮ್ಮೆ ಬರದು ಇಟ್ರ ಚಲೋ ಅನಿಸ್ತು.

ಅಕೀನ ಕೇಳೇ ಬರಿಯಾಕ ಹತ್ತೀನಿ. ಊರು, ವಯಸ್ಸು, ಕಾರ್ಯಕ್ರಮದ ಜಾಗಾ ಎಲ್ಲಾ ಅದಲು ಬದಲು ಮಾಡೀನಿ. ಹೆಸರು ಏನ ಇಡ್ಲಿ ಅಂದಾಗ "ರೇಣುಕಾ ಅಂತ ಮಾತ್ರ ಇಡಬ್ಯಾಡ್ರಿ ಮಾಸ್ತರ್ರ, ನಮ್ಮ ಬಗ್ಗೆ ಬರಿಯಾವ್ರೆಲ್ಲಾ ಅದ ಹೆಸರು ಇಡ್ತಾರ" ಅಂದ್ಲು. ಅದಕ್ಕ ಸುಮಾ ಅಂತ ಇಟ್ಟೀನಿ.

ಹಿನ್ನೆಲೆ

ಸುಮಾ ಹಾವೇರಿ ಜಿಲ್ಲಾದ ಒಂದು ಹಳ್ಯಾಕಿ. ಎಂಟೊಂಬತ್ತು ವರ್ಷದಾಕಿ ಇದ್ದಾಗಿಂದನ ಊರ ಭಜನಾ ಮೇಳದಾಗ ಹಾಡಿದಾಕಿ. ಏಕತಾರಿ, ದಮ್ಮಡಿ, ತಾಳ, ಒಂದು ಸೋರೂ ಪೇಟಿ, ಸೋಮವಾರ ಮತ್ತ ಅಮಾಸಿಗೆ ಬೆಳತನ. ಶಿಶುನಾಳ ಅಲ್ಲಿಂದ ದೂರ ಇಲ್ಲ, ಹಂಗಾಗಿ ಷರೀಫಜ್ಜನ ತತ್ವಪದ ಅಂದ್ರ ಅಕೀಗೆ ಕಲ್ತದ್ದಲ್ಲ, ಕಿವ್ಯಾಗ ಬಿದ್ದು ಬಿದ್ದು ಬಂದದ್ದು. ಆಗ ಊರಾಗ ಎಲ್ಲಾರೂ ಅಕೀನ ಹುಡುಗ ಅಂತಿದ್ರು, ಕೂಡಸೂದು ಗಂಡಸರ ಸಾಲಿನ್ಯಾಗ. ಹದಿನಾಕಕ್ಕ ದನಿ ಒಡೀತು, ಒಡದ ಮ್ಯಾಲೆ ಎದಿಯಿಂದ ಬರೂ ತುಂಬು ದನಿ ಆತು, ಮೇಳದ ಹಿರ್ಯಾಂವ ಕರಿ ಒಂದಕ್ಕ ಶ್ರುತಿ ಕಟ್ಟಿ ಕೊಟ್ಟ. ಗೊತ್ತಿಲ್ಲದಾವ್ರಿಗೆ ಹೇಳ್ತೀನಿ, ಪೇಟಿ ಮ್ಯಾಲಿನ ಮೊದಲನೇ ಕರಿ ಪಟ್ಟಿನ ಷಡ್ಜ, ಅಂದ್ರ ಹಾಡಿನ ಬುನಾದಿ ಸ್ವರ 'ಸ', ಮಾಡ್ಕೊಂಡ್ರ ಅದು ಕರಿ ಒಂದು, ನಾಕನೇ ಕರಿ ಪಟ್ಟಿ ಅಂದ್ರ ಕರಿ ನಾಕು. ನಮ್ಮ ಕಡೆ ಗಂಡಸರು ಹೆಚ್ಚಾಗಿ ಕರಿ ಒಂದು, ಕರಿ ಎರಡಕ್ಕ ಹಾಡ್ತಾರ, ಹೆಂಗಸರು ಕರಿ ನಾಕು, ಕರಿ ಐದಕ್ಕ.

ಇಪ್ಪತ್ತೆರಡಕ್ಕ ಮನಿ ಬಿಟ್ಲು. ಮನಿ ಬಿಟ್ಲು ಅನ್ನೂಕಿಂತ ಮನಿ ಅಕೀನ ಬಿಡ್ತು. ಆ ನಡಬಾರಕಿನ ಐದಾರು ವರ್ಷದ ಬಗ್ಗೆ ನಾ ಕೇಳಿಲ್ಲ, ಅಕಿ ಹೇಳಿಲ್ಲ, ಇಲ್ಲಿ ಅದರ ಕೆಲಸಾನೂ ಇಲ್ಲ. ಹುಬ್ಬಳ್ಳಿಗೆ ಬಂದು ಸೀರಿ ಉಟ್ಟು, ಸುಮಾ ಆಗಿ, ಡಾಕ್ಟರ್ ಕಡೆ ಹಾರ್ಮೋನ್ ತಗೊಳ್ಳಾಕ ಹತ್ತಿದ ಮ್ಯಾಲೆ ಮತ್ತ ಹಾಡಬೇಕು ಅನ್ನೂ ಹುಚ್ಚು ಹತ್ತೇತಿ, ಯಾರೋ ನನ್ನ ನಂಬರ್ ಕೊಟ್ಟಾರ.

ತೊಡಕು ಎಲ್ಲಿ ಸುರು ಆತು

ಮೊದಲನೇ ದಿನಾ ನಮ್ಮ ಮನಿ ಪಡಸಾಲ್ಯಾಗ ಕುಂತು ಪೇಟಿ ತಗದೆ. ಯಾವ ಶ್ರುತಿ ಅಂತ ಅಕೀನ ಕೇಳಲೇ ಇಲ್ಲ ನೋಡ್ರಿ. ಸೀರಿ ಉಟ್ಟು ಬಂದಾಳ, ಹೆಣ್ಣಮಗಳು, ನನ್ನ ಕೈ ತಾನ ಕರಿ ನಾಕಕ್ಕ ಹೋತು. ಅಕೀನೂ ಸುಮ್ನಿದ್ಲು, ಆಮ್ಯಾಲೆ ಹೇಳಿದ್ಲು, "ನೀವು ಕರಿ ನಾಕು ಹಿಡದಾಗ ಖುಷಿ ಆಗಿತ್ರಿ, ನನ್ನ ಹೆಣ್ಣು ಅಂತ ತಿಳದ್ರಲ್ಲ ಅಂತ". ಇದರಾಗ ಎಲ್ಲಾ ತೊಡಕೂ ಐತಿ. ನಾ ಮರ್ಯಾದಿ ಕೊಟ್ಟೆ ಅಂತ ತಿಳಕೊಂಡೆ, ಅಕಿ ಮರ್ಯಾದಿ ಸಿಕ್ತು ಅಂತ ತಿಳಕೊಂಡ್ಲು, ಗಂಟಲಕ್ಕ ಏನಾಗ್ತೈತಿ ಅಂತ ಇಬ್ಬರೂ ನೋಡ್ಲಿಲ್ಲ.

ಲೆಕ್ಕ ಹಾಕಿದ್ರ ಗೊತ್ತಾಗ್ತಿತ್ತು. ಕರಿ ಒಂದರ ಗಂಡಸರ ಷಡ್ಜ ಸುಮಾರು 139 ಹರ್ಟ್ಜ್, ಕರಿ ನಾಕರ ಹೆಂಗಸರ ಷಡ್ಜ 208. ಕರಿ ನಾಕಕ್ಕ ತಾರ ಷಡ್ಜ, ಅಂದ್ರ ಮ್ಯಾಲಿನ 'ಸ', ಹಚ್ಚೂದಂದ್ರ ಕರಿ ಒಂದಕ್ಕ ತಾರ ಪಂಚಮ, ಅಂದ್ರ ಮ್ಯಾಲಿನ 'ಪ', ಹಚ್ಚಿದಂಗ. ತತ್ವಪದ ಹಾಡಾವ್ರು ಮ್ಯಾಲೆ ಹೋಗಿ ಒಂದು ಪಲಕು ಹೊಡದು ಇಳೀತಾರಲ್ಲ, ಆ ಜಾಗಾ ಅಕೀಗೆ ಎದಿ ದನ್ಯಾಗ ಸಿಗೂದ ಇಲ್ಲ, ಕಳ್ಳದನ್ಯಾಗ, ಅಂದ್ರ ಎದಿ ಬಿಟ್ಟು ತೆಳ್ಳಗ ಮಾಡಿದ ದನ್ಯಾಗ, ಹೋಗಬೇಕು. ಒಂದು ಹಾಡಿಗೆ ಆಗ್ತೈತಿ, ಎರಡಕ್ಕೂ ಆದೀತು, ಮೂರು ತಾಸಿನ ಕಾರ್ಯಕ್ರಮಕ್ಕ ಆಗಂಗಿಲ್ಲ.

ಆಗ್ಲೂ ಇಲ್ಲ. 2022ರ ಜಾತ್ರಿ ಸೀಜನ್‌ನ್ಯಾಗ ಒಂದೂರಾಗ ಮೂರನೇ ಹಾಡಿನ ಎರಡನೇ ಚರಣಕ್ಕ ಮ್ಯಾಲೆ ಹೋದ ದನಿ ಫಟ್ಟಂತ ಒಡದು ನೇರ ಕೆಳಗ ಗಂಡು ದನಿಗೆ ಬಂದು ಬಿತ್ತು. ಮುಂದ ಕುಂತ ಹುಡುಗೂರು ಹೋ ಅಂತ ಸೀಟಿ ಹೊಡದ್ರು. ಅದು ಒಂದ ಕ್ಷಣ. ಆದ್ರ ಆ ಕ್ಷಣದಿಂದ ಮಂದಿ ಹಾಡು ಕೇಳೂದು ಬಿಟ್ಟು ದನಿ ಯಾವಾಗ ಒಡೀತೈತಿ ಅಂತ ಕಾಯಾಕ ಹತ್ತಿದ್ರು, ಅದು ಗಾಯಕರಿಗೆ ಗೊತ್ತಾಗ್ತೈತ್ರಿ, ಬೆನ್ನಿಗೆ ಗೊತ್ತಾಗ್ತೈತಿ. ಒಬ್ಬಾಂವ ಎದ್ದು ಬಂದು ಹತ್ತರ ನೋಟು ಅಕೀ ತಲಿ ಮ್ಯಾಲಿಂದ ನಿವಾಳಿಸಿ ಸ್ಟೇಜಿಗೆ ಒಗದು "ಯಲ್ಲಮ್ಮನ ಪದಾ ಹಾಡವಾ" ಅಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸೌದತ್ತಿ ಯಲ್ಲಮ್ಮನ ಗುಡ್ಡ ನಮ್ಮಿಂದ ಎಷ್ಟು ದೂರ, ಧಾರವಾಡದಿಂದ ಬೆಳಿಗ್ಗೆ ಹೋದ್ರ ಊಟಕ್ಕ ಮನೀಗೆ ಬರಬಹುದು. ಯಲ್ಲಮ್ಮನ ಸೇವಾಕ್ಕ ಸೀರಿ ಉಟ್ಟ ಜೋಗಪ್ಪ, ಜೋಗತಿ, ಅವರ ಚೌಡಿಕಿ ಪದಾ, ತಲಿ ಮ್ಯಾಲೆ ಕೊಡಾ ಹೊತ್ತು ಕುಣಿಯೂದು, ಇವೆಲ್ಲಾ ನಮ್ಮ ಮಂದಿಗೆ ಹೊಸಾದಲ್ಲ, ಕೈ ಮುಗೀತಾರ, ಅಂಜತಾರ. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವ್ರು 2019ರಾಗ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಾಗ ಪದ್ಮಶ್ರೀ ತಗೊಂಡ್ರು, ಅವತ್ತು ಅವ್ರು ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತಗದದ್ದು ಎಲ್ಲಾರ ಫೋನಿನ್ಯಾಗೂ ಓಡಾಡ್ತು. ಅದರಿಂದ ಸುಮಾನಂಥಾವ್ರಿಗೆ ಬಾಗಲಾ ತೆರೀತು, ಅದು ಖರೆ. ಆದ್ರ ಬಾಗಲಾ ತೆರದಾವ್ರು ಒಳಗ ಕೇಳೂದು ಒಂದ, ಜೋಗತಿ ಕುಣಿತ ಮಾಡ್ತೀರೇನು. ಸುಮಾ ಅನ್ನೂದು ಏನಂದ್ರ, "ಜೋಗಮ್ಮಗೋಳು ನನ್ನ ಅಕ್ಕಂದಿರು ಇದ್ದಂಗ್ರಿ, ಅವರ ಪದಾ ಅವರ್ದು. ಚೌಡಿಕಿ ತಂತಿ ಮೀಟಾಕ ಕಲಿಯಾಕ ವರ್ಷಗಟ್ಟಲೆ ಬೇಕು, ಸೀರಿ ಉಟ್ಟ ಕೂಡ್ಲೆ ಕೈಗೆ ಬರಂಗಿಲ್ಲ. ನಾ ಯಲ್ಲಮ್ಮನ ಹೆಸರಿಲೆ ಮುತ್ತು ಕಟ್ಟಿಸ್ಕೊಂಡಾಕಿ ಅಲ್ಲ, ನಾ ಭಜನಿ ಹಾಡಾಕಿ."

ಏನೇನು ಮಾಡಿ ನೋಡಿದ್ವಿ

ಮೊದಲನೇದು ರಿಯಾಜ್. ದನಿ ಒಡೀತೈತಿ ಅಂದ್ರ ಸಾಧನಾ ಕಮ್ಮಿ ಆಗೇತಿ ಅಂತ ನನ್ನ ತಲಿ. ದಿನಾ ಮುಂಜಾನೆ ಎರಡು ತಾಸು ಕರಿ ನಾಕಕ್ಕ ಪಲ್ಟಾ, ಅಂದ್ರ ಸ್ವರ ತಿರುಗಿಸಿ ಮುರುಗಿಸಿ ಹಾಡೂ ಅಭ್ಯಾಸ. ಜೇಷ್ಠಮಧು ಬಾಯಾಗ, ಶುಂಠಿ ಕಷಾಯ, ಜೇನತುಪ್ಪ. ಮೂರು ವಾರಕ್ಕ ಮಾತಾಡೂ ದನಿನೂ ಕೆರದು ಕೆರದು ಬರಾಕ ಹತ್ತು, ಮುಂಜಾನೆ ಎದ್ರ ಒಂದು ತಾಸು ಶಬ್ದನ ಇಲ್ಲ. ನಾ ಇನ್ನೂ ಜೋರ ಮಾಡು ಅಂದೆ. ಇದನ್ನ ಬರಿಯಾಕ ನಾಚಿಕಿ ಆಗ್ತೈತಿ, ಆದ್ರೂ ಬರೀತೀನಿ.

ಎರಡನೇದು ಟ್ರ್ಯಾಕ್. ಗದಗ ಕಡೆ ಒಂದು ಮದವಿ ರಿಸೆಪ್ಷನ್, ಬ್ಯಾರೆ ಹುಡುಗಿ ಹಾಡಿದ ರೆಕಾರ್ಡಿಂಗ್ ಹಚ್ಚೂದು, ಸುಮಾ ಬಾಯಿ ಆಡಸೂದು ಅಂತ ನಮ್ಮ ಮ್ಯಾನೇಜರ್ ಐಡಿಯಾ. ಎರಡು ಹಾಡು ಚಲೋ ಹೋತು. ಮೂರನೇದಕ್ಕ ಕರೆಂಟ್ ಹೋತು. ಜನರೇಟರ್ ಚಾಲೂ ಆಗೂತನಕ ಸುಮಾ ಮೈಕ್ ಹಿಡಕೊಂಡು ನಿಂತ್ಲು, ಲೈಟ್ ಬಂದ ಕೂಡ್ಲೆ ಲ್ಯಾಪ್‌ಟಾಪ್ ಹಾಡನ್ನ ಮೊದಲಿಂದ ಹಚ್ಚಿತು, ಅಕಿ ಆಗ ನೀರು ಕುಡಿಯಾಕ ಹತ್ತಿದ್ಲು! ಬಾಟ್ಲಿ ಬಾಯಾಗ, ಹಾಡು ಸ್ಪೀಕರ್‌ನ್ಯಾಗ. ಬೀಗರು ನಕ್ಕು ಸುಮ್ನಾದ್ರು, ಪಾಪ ಒಳ್ಳೇ ಮಂದಿ. ಅಕಿ ಅವತ್ತು ವಾಪಸ್ ಬರಾಗ ಗಾಡ್ಯಾಗ ಒಂದ ಮಾತು ಆಡಿದ್ಲು, ಇನ್ನ ಈ ಕೆಲಸಾ ಬ್ಯಾಡ್ರಿ ಅಂತ.

ಮೂರನೇದು ಡಬಲ್ ವಾಯ್ಸ್. ಇದರ ಬಗ್ಗೆ ಜರಾ ವಿಸ್ತಾರ ಬರೀತೀನಿ, ಯಾಕಂದ್ರ ಇದು ಸೋತದ್ದಲ್ಲ, ಗೆದ್ದದ್ದು, ಅದ ತೊಂದ್ರಿ ಆತು.

ಆರ್ಕೆಸ್ಟ್ರಾದಾಗ ಒಬ್ಬನ ನಿಂತು ಯುಗಳಗೀತೆಯ ಗಂಡಿಂದೂ ಹೆಣ್ಣಿಂದೂ ಎರಡೂ ಸಾಲು ಹಾಡೂದು ಹಳೇ ಐಟಂ, ಎಲ್ಲಾ ಕಡೆ ಚಪ್ಪಾಳಿ. ಮ್ಯಾನೇಜರ್ ಅಂದ, ಒಡಿಯೂ ದನೀನ ಐಟಂ ಮಾಡೂಣು, ಅಕೀ ಹತ್ರ ಎರಡೂ ದನಿ ಅದಾವಲ್ಲ. ಮಾಡಿದ್ವಿ. ಅಬ್ಬಾ, ಮಂದಿ ಏನ ಎದ್ದು ಕುಣದ್ರು ಅಂತೀರಿ. ಗಂಡಿನ ಸಾಲಿಗೆ ಸೆರಗು ಸೊಂಟಕ್ಕ ಸಿಗಿಸಿ ಎದಿ ಸೆಟಿಸಿ ನಿಲ್ಲೂದು, ಹೆಣ್ಣಿನ ಸಾಲಿಗೆ ಸೆರಗು ಹೊದ್ದು ನಾಚೂದು. ಒನ್ಸ್‌ಮೋರ್ ಮ್ಯಾಲೆ ಒನ್ಸ್‌ಮೋರ್. ಅಕೀಗೆ ಒಂದು ರಾತ್ರಿಗೆ ಮೊದಲ ಕೊಡ್ತಿದ್ದದ್ದರ ಎರಡು ಪಟ್ಟು ಸಿಗಾಕ ಹತ್ತು, ನಮಗೂ ಹೆಚ್ಚಾತು. ಎರಡು ತಿಂಗಳು ಪುರಸೊತ್ತು ಇಲ್ಲ. ಗಂಟಲಕ್ಕೂ ಸ್ವಲ್ಪ ಆರಾಮ ಇತ್ತು ಯಾಕಂದ್ರ ಅರ್ಧಾ ಹಾಡು ಕೆಳಗ.

ಆಮ್ಯಾಲೆ ಒಂದೂರಾಗ ಬ್ಯಾನರ್ ನೋಡಿದ್ವಿ. ಅಕೀ ಫೋಟೋ, ಕೆಳಗ ಕೆಂಪು ಅಕ್ಷರದಾಗ "ಗಂಡೋ? ಹೆಣ್ಣೋ? ಬಂದು ನೋಡಿರಿ!" ಇದನ್ನ ಬರಿಸಿದಾಂವ ಕೆಟ್ಟವನಲ್ಲ, ಟಿಕೇಟ್ ಹೋಗಬೇಕು ಅಷ್ಟ. ಸುಮಾ ಗಾಡಿಯಿಂದ ಇಳದು ಅದರ ಮುಂದ ನಿಂತು ಓದಿದ್ಲು. ಸಿಟ್ಟು ಮಾಡ್ತಾಳ ಅಂತ ನಾ ತಿಳದೆ, ಮಾಡ್ಲಿಲ್ಲ. ಅವತ್ತು ಕಾರ್ಯಕ್ರಮ ಮುಗಿಸಿದ್ಲು, ಎಲ್ಲಾ ಐಟಂ ಹಾಡಿದ್ಲು, ಪಾಕೀಟು ತಗೊಂಡ್ಲು. ಬರಾಗ ರಾತ್ರಿ ಎರಡು ಗಂಟೆಕ್ಕ ಹೈವೇ ಧಾಬಾದಾಗ ಚಹಾ ಕುಡೀತ ಹೇಳಿದ್ಲು, "ಮಾಸ್ತರ್ರ, ಡಬಲ್ ವಾಯ್ಸ್ ಮಾಡೂ ಗಂಡಸು ಸ್ಟೇಜ್ ಇಳದು ಗಂಡಸ ಆಗಿ ಮನೀಗೆ ಹೋಗ್ತಾನ. ನಾ ಯಾವ ದನಿ ತಗೊಂಡು ಹೋಗ್ಲಿ?"

ನನ್ನ ಹತ್ರ ಉತ್ತರ ಇದ್ದಿಲ್ಲ. ಆದ್ರ ಆ ಮಾತು ನನ್ನ ತಲ್ಯಾಗ ಬ್ಯಾರೆ ಕಡೆ ಹೋತು. ನಮ್ಮ ಕಡೆ ಗಂಡಸರು ಹೆಣ್ಣಾಗಿ ಹಾಡಿದ್ದಕ್ಕ ಏನು ಕಮ್ಮಿ ಐತೇನು? ಮರಾಠಿ ನಾಟಕದ ಬಾಲಗಂಧರ್ವರು ಸೀರಿ ಉಟ್ಟು ಸ್ಟೇಜಿಗೆ ಬಂದ್ರ ಹೆಂಗಸರು ಅವರ ಸೀರಿ ನೋಡಿ ಕಲೀತಿದ್ರಂತ, ನಮ್ಮ ಕುಂದಗೋಳದ ಸವಾಯಿ ಗಂಧರ್ವರೂ ನಾಟಕ ಕಂಪನ್ಯಾಗ ಸ್ತ್ರೀ ಪಾತ್ರ ಹಾಡಿ ಹೆಸರಾದಾವ್ರು. ಮಂದಿ ತಲಿದೂಗಿ ಕೇಳಿದ್ರು. ಯಾಕಂದ್ರ ಬಣ್ಣ ಒರಸಿದ ಮ್ಯಾಲೆ ಅವ್ರು ಧೋತ್ರ ಉಟ್ಟು ಮನೀಗೆ ಹೋಗ್ತಾರ ಅನ್ನೂ ಭರೋಸಾ ಇತ್ತು. ಸುಮಾ ಬಣ್ಣ ಒರಸಿದ ಮ್ಯಾಲೂ ಸೀರ್ಯಾಗ ಇರ್ತಾಳ, ಮಂದಿಗೆ ತಡಿಯಾಕ ಆಗದ್ದು ಅದು. ಹಾಡು ಯಾವತ್ತೂ ಅಡ್ಡಿ ಇದ್ದಿಲ್ಲ.

ತಿರುವು

ಡಬಲ್ ವಾಯ್ಸ್ ಬಂದ್ ಮಾಡಿದ್ಲು. ಮ್ಯಾನೇಜರ್ ಸಿಟ್ಟಾದ, ನಮ್ಮಾಗೂ ಇಬ್ಬರು ಮಾರಿ ಗಂಟು ಹಾಕ್ಕೊಂಡ್ರು, ನಾ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟೊತ್ತಿಗೆ ಮಳಿಗಾಲ, ಕಾರ್ಯಕ್ರಮ ಇಲ್ಲ, ದನಿ ಮಾತ್ರ ಸುಧಾರಿಸಲಿಲ್ಲ. ಹುಬ್ಬಳ್ಳ್ಯಾಗ ಕಿವಿ-ಮೂಗು-ಗಂಟಲ ಡಾಕ್ಟರ್ ಕಡೆ ಹೋದ್ವಿ, ಕ್ಯಾಮೆರಾ ಬಿಟ್ಟು ನೋಡಿದ್ರು. ಸ್ವರತಂತು ಎರಡರ ಮ್ಯಾಲೂ ಸಣ್ಣ ಗಂಟು ಎದ್ದಾವ, ಆಪರೇಷನ್ ಬ್ಯಾಡ ಈಗ, ದನಿ ಬಳಸೂದು ಬದಲಿ ಮಾಡ್ರಿ ಅಂತ ಸ್ಪೀಚ್ ಥೆರಪಿಸ್ಟ್ ಕಡೆ ಕಳಿಸಿದ್ರು.

ಆ ಥೆರಪಿಸ್ಟ್ ಹೆಣ್ಣಮಗಳು ಸಣ್ಣ ವಯಸ್ಸಿನಾಕಿ, ಆದ್ರ ಹೇಳೂದು ಬಹಳ ಸರಳ. ಮೊದಲ ನಮ್ಮ ಒಂದು ಮೂಢನಂಬಿಕಿ ಮುರದ್ಲು. ಹಾರ್ಮೋನ್ ತಗೊಂಡ್ರ ನಿಧಾನಕ್ಕ ದನಿನೂ ಹೆಣ್ಣಿಂದಾಗ್ತೈತಿ ಅಂತ ಸುಮಾ ಕಾಯ್ಕೋತ ಕುಂತಿದ್ಲು. ಹಂಗ ಆಗಂಗಿಲ್ಲಂತ. ಹರೇದಾಗ ಒಮ್ಮೆ ಸ್ವರತಂತು ದಪ್ಪ ಆದ್ರ ಈಸ್ಟ್ರೋಜನ್ ಅದನ್ನ ತೆಳ್ಳಗ ಮಾಡಂಗಿಲ್ಲ. ಉಲ್ಟಾ ಮಾತ್ರ ಆಗ್ತೈತಿ, ಟ್ರಾನ್ಸ್ ಗಂಡಸರು ಟೆಸ್ಟೋಸ್ಟೆರಾನ್ ತಗೊಂಡ್ರ ದನಿ ಇಳೀತೈತಿ, ಇಳದದ್ದು ಮತ್ತ ಏರಂಗಿಲ್ಲ. ಆಪರೇಷನ್‌ದಿಂದ ದನಿ ಏರಿಸಬಹುದು, ಆದ್ರ ಹಾಡಾವ್ರಿಗೆ ಅದು ಜೂಜು, ಕೆಳಗಿನ ಸ್ವರ ಹೋಗಬಹುದು, ಜೋರೂ ಹೋಗಬಹುದು. ಇನ್ನೊಂದು ಹೇಳಿದ್ಲು, ಮಾತಾಡೂ ದನಿ ಬ್ಯಾರೆ, ಹಾಡೂ ದನಿ ಬ್ಯಾರೆ, ಎರಡಕ್ಕೂ ಒಂದ ಔಷಧ ಹುಡುಕಬ್ಯಾಡ್ರಿ. ಮಾತಿನ ದನಿ ಹೆಣ್ಣಿನಂಗ ಕೇಳಾಕ ಬರೇ ಎತ್ತರ ಅಲ್ಲ, ಬಾಯಿ ಗಂಟಲ ಒಳಗ ದನಿ ಎಲ್ಲಿ ಗುಂಯ್ ಅಂತೈತಿ ಅನ್ನೂದೂ ಮುಖ್ಯ, ಅದನ್ನ ಕಲಸ್ತೀನಿ ಅಂದ್ಲು, ಕಲಿಸಿದ್ಲು. ಪಿಸುಪಿಸು ಮಾತಾಡೂದೂ ಬ್ಯಾಡ, ಅದೂ ಗಂಟಲಕ್ಕ ಏಟು ಅಂದ್ಲು. ಕಡೀಗೆ ಕೇಳಿದ್ದು, "ಹಾಡೂ ದನಿ ಮ್ಯಾಲೆ ಹೋಗಬೇಕು ಅಂತ ನಿಮಗ ಅನಿಸ್ತೈತೋ, ಕೇಳಾವ್ರಿಗೆ ಅನಿಸ್ತೈತೋ?" ಸುಮಾ ನನ್ನ ಕಡೆ ತಿರುಗಿ ನೋಡಿದ್ಲು. ನಾ ಗ್ವಾಡಿ ಮ್ಯಾಲಿನ ಚಾರ್ಟ್ ನೋಡಿದೆ.

ಮನೀಗೆ ಬಂದು ನಾ ಶ್ಯಾಣ್ಯಾತನ ಮಾಡಾಕ ಹೋದೆ. ಗಂಗೂಬಾಯಿ ಹಾನಗಲ್ ಅವರ ಹಾಡು ಹಚ್ಚಿದೆ. ಮೊದಲ ಗಾಂಧಾರಿ ಅನ್ನೂ ಹೆಸರಿನ್ಯಾಗ ಬಂದ ಹಳೇ ರೆಕಾರ್ಡ್, ತೆಳ್ಳನ್ನ ಎತ್ತರದ ದನಿ, ಆಮ್ಯಾಲೆ ಟಾನ್ಸಿಲ್ ಚಿಕಿತ್ಸೆ ಆದ ನಂತರದ ದನಿ, ಕಣ್ಣು ಮುಚ್ಚಿ ಕೇಳಿದ್ರ ಗಂಡಸರ ದನಿ ಅಂತ ಹೊಸಬರು ಮೋಸ ಹೋಗ್ತಾರ. ಅದ ದನಿಗೆ 2002ರಾಗ ಪದ್ಮವಿಭೂಷಣ. "ನೋಡ, ಈ ಹುಬ್ಬಳ್ಳ್ಯಾಗನ ಹೆಣ್ಣಿನ ದನಿ ಇಷ್ಟು ಇಳದು ರಾಜ್ಯ ಆಳೇತಿ" ಅಂದೆ. ಸುಮಾ ಒಪ್ಪಲಿಲ್ಲ. "ಗಂಗಜ್ಜಿ ದನಿ ಎಷ್ಟು ಇಳದ್ರೂ ಗಂಗಜ್ಜಿ ಹೆಣ್ಣಲ್ಲ ಅಂತ ಯಾರೂ ಅನ್ನಲಿಲ್ರಿ. ಬ್ಯಾರೆ ಮಾತು ಕೇಳಿರಬಹುದು, ಇದನ್ನ ಕೇಳಲಿಲ್ಲ. ನನ್ನ ದನಿ ಇಳದ್ರ ನಾ ಪೂರ್ತಿ ಇಳೀತೀನಿ." ಖರೆ ಹೇಳ್ಬೇಕಂದ್ರ ಅಕೀ ಮಾತ ಸರಿ. ಹೋಲಿಕಿ ಕೊಟ್ಟು ಧೈರ್ಯ ತುಂಬೂದು ಸುಲಭ, ಮಂದಿ ಮುಂದ ನಿಲ್ಲಾವ್ರು ಅವ್ರು.

ಆದ್ರ ಒಂದು ವಾರ ಬಿಟ್ಟು ತಾನ ಬಂದ್ಲು. ನಾ ಪೇಟಿ ತಗದು ಕೈ ಕಟ್ಟಿ ಕುಂತೆ, ಈ ಸಲ ಯಾವ ಪಟ್ಟಿನೂ ಒತ್ತಲಿಲ್ಲ, ನೀನ ಹಿಡಿ ಅಂದೆ. ಸ್ವಲ್ಪ ಹೊತ್ತು ಪೇಟಿ ನೋಡಿದ್ಲು. ಕರಿ ನಾಕರ ಮ್ಯಾಲೆ ಬೆರಳು ಇಟ್ಲು, ತಗದ್ಲು, ಬಿಳಿ ಪಟ್ಟಿ ಒಂದೆರಡು ಒತ್ತಿದ್ಲು, ಕಡೀಗೆ ಕರಿ ಒಂದು. ಊರ ಮೇಳದಾಗ ಹಾಡ್ತಿದ್ದ ಒಂದು ಷರೀಫಜ್ಜನ ಪದಾ ಸುರು ಮಾಡಿದ್ಲು, ಒಳಗ ಅಡಗಿ ಮಾಡಾಕ ಹತ್ತಿದ್ದ ನನ್ನ ಹೆಂಡ್ತಿ ಒಗ್ಗರಣಿ ಸೌಟು ಹಿಡಕೊಂಡ ಹೊರಗ ಬಂದು ನಿಂತ್ಲು. ಏಳೆಂಟು ತಿಂಗಳಾಗಿತ್ತು ಅಕಿ ಬರಾಕ ಹತ್ತಿ, ಅಕೀ ದನಿ ನಾವು ಕೇಳಿದ್ದು ಅವತ್ತ ಮೊದಲು.

ಶ್ರುತಿ ಇಳಿಸಿದ ಮ್ಯಾಲೆ

ಶ್ರುತಿ ಇಳಿಸೂದು ಅಂದ್ರ ಪೇಟಿ ಮ್ಯಾಲೆ ಬೆರಳು ಸರಿಸಿದಂಗ ಅಂತ ತಿಳದಿದ್ವಿ. ತಂಬೂರಿ ತಗದ್ರ ಅದು ಹೆಂಗಸರ ತಂಬೂರಿ, ಸಣ್ಣದು, ಕರಿ ಒಂದಕ್ಕ ಇಳಿಸಿದ್ರ ತಂತಿ ಜೋತು ಬಿದ್ದು ಜವಾರಿ, ಅಂದ್ರ ತಂತಿಯ ಝೇಂಕಾರ, ಸತ್ತು ಹೋತು. ಗಂಡಸರ ತಂಬೂರಿ ಬೇಕು, ಮೀರಜ್‌ನ್ಯಾಗ ಮಾಡಿಸಿದ್ದೊಂದು ಗೆಳೆಯಾನ ಮನ್ಯಾಗ ಇತ್ತು, ತಂದ್ವಿ. ನಮ್ಮ ದಂಧೇದಾಗ ತಂಬೂರಿಗೂ ಗಂಡು ಹೆಣ್ಣು ಅಂತ ಹೆಸರು ಐತಿ ಅನ್ನೂದು ನಂಗ ಅವತ್ತ ಹೊಳೀತು, ಇಪ್ಪತ್ತೈದು ವರ್ಷ ದಿನಾ ಅಂದ್ಕೋತ ಬಂದಿದ್ರೂ. ತಬಲಾದಾಂವ ಸಣ್ಣ ಬಾಯಿ ದಾಯಾ, ಅಂದ್ರ ಬಲಗೈ ತಬಲಾ, ತಂದ. ಅಷ್ಟಾದ್ರೂ ಶ್ರಾವಣದಾಗ ಒಂದು ಮಠದ ಶಿವಾನುಭವಕ್ಕ ಹೋಗಿ ಸೌಂಡ್ ಚೆಕ್ ಮಾಡಿದ್ರ ದನಿ ಡಬ್ಬ್ಯಾಗಿಂದ ಬಂದಂಗ ತೆಳ್ಳಗ ಕೇಳಾಕ ಹತ್ತು. ಏನಪಾ ಅಂತ ಸೌಂಡ್ ಹುಡುಗನ ಮಿಕ್ಸರ್ ನೋಡಿದ್ರ, ಅಕೀ ಚಾನೆಲ್ ಮ್ಯಾಲೆ ಬಿಳಿ ಟೇಪ್ ಅಂಟಿಸಿ "ಲೇಡೀಸ್" ಅಂತ ಬರದಾನ, ಲೋ ಕಟ್ ಒತ್ಯಾನ, ಬಾಸ್ ಪೂರ್ತಿ ಇಳಿಸ್ಯಾನ, ಟ್ರೆಬಲ್ ಏರಿಸ್ಯಾನ. ಕರಿ ಒಂದರ ಮಂದ್ರ ಪಂಚಮ, ಅಂದ್ರ ಕೆಳಗಿನ 'ಪ', 104 ಹರ್ಟ್ಜ್ ಸುಮಾರು ಬರ್ತೈತಿ, ಆ ಬಟನ್ 100ರ ಕೆಳಗಿಂದನ್ನೆಲ್ಲಾ ಕತ್ತರಸ್ತೈತಿ, ಸಮೀಪದ್ದನ್ನೂ ಸವರ್ತೈತಿ. ಹುಡುಗಂಗ ಕೇಳಿದ್ರ "ಲೇಡೀಸ್ ಚಾನೆಲ್ ಅಂದ್ರ ಹಿಂಗ ಸೆಟ್ಟಿಂಗ್ರಿ ಮಾಸ್ತರ, ಯಾವಾಗ್ಲೂ" ಅಂದ. ಗಂಡಸರ ಸೆಟ್ಟಿಂಗ್ ಹಾಕು ಅನ್ನಾಕ ಬಾಯಿ ತಗದೆ, ಸುಮಾ ಅಲ್ಲೇ ನಿಂತಿದ್ಲು, ನುಂಗಿದೆ. ಕಿವಿ ಕೊಟ್ಟು ಕೇಳಿ ಸೆಟ್ ಮಾಡಪಾ ಅಂದೆ. ಮಾಡಿದ.

ನಿರೂಪಕರದು ಇನ್ನೊಂದು ಕಥಿ. ಕನ್ನಡದಾಗ ಹಾಡ್ತಾನ, ಹಾಡ್ತಾಳ ಅಂತ ಕ್ರಿಯಾಪದಕ್ಕೂ ಗಂಡು ಹೆಣ್ಣು ಹತ್ಯಾವ, ತಪ್ಪಿಸ್ಕೊಳ್ಳಾಕ ಒಂದು ಕಿಂಡಿ ಐತಿ, "ಹಾಡ್ತಾರ". ಮರ್ಯಾದಿನೂ ಆತು, ಪಾರೂ ಆದ್ವಿ. ನಮ್ಮ ನಿರೂಪಣಾ ಮಾಡಾವ್ರು ಸಾಲಿ ಮಾಸ್ತರು, ಬಹಳ ಸಭ್ಯ ಮನುಷ್ಯ, ಸುಮಾ ಬಗ್ಗೆ ಹೇಳಾಗ ಅಷ್ಟೂ "ಅವರು, ಇವರು, ಕಲಾವಿದರು". ಅದಕ್ಕ ಸುಮಾ ತಕರಾರು ತಗದ್ಲು. ನನಗಿಂತ ಮೊದಲ ಹಾಡಿದ ಹುಡುಗೀಗೆ "ನಮ್ಮ ತಂಗಿ ಹಾಡ್ತಾಳ" ಅಂತೀರಿ, ನನ್ನ ಪಾಳಿ ಬಂದ ಕೂಡ್ಲೆ ಅವರು ಅಂತೀರಿ, ಅಷ್ಟು ಮರ್ಯಾದಿ ಯಾಕ ಬಂತ್ರಿ ಒಮ್ಮೆಲೆ? ಅವ್ರಿಗೆ ಬೆವರು ಬಂತು. ಅವತ್ತಿಂದ ಅಕೀನ ಕೇಳಿಕೊಂಡು "ಈಗ ನಮ್ಮ ಸುಮಕ್ಕ ಹಾಡ್ತಾಳ" ಅಂತಾರ. ಎಲ್ಲಾರಿಗೂ ಇದ ಹಿಡಿಸ್ತೈತಿ ಅಂತಲ್ಲ, ಬ್ಯಾರೆಯವ್ರಿಗೆ ಹಾಡ್ತಾರ ಅನ್ನೂದ ಬೇಕಾಗಿರಬಹುದು. ಸ್ಟೇಜಿಗೆ ಹತ್ತೂಕಿಂತ ಮೊದಲ ಒಂದು ಮಾತು ಕೇಳೂದು. ಕರಪತ್ರಕ್ಕೂ ಹಂಗ, ಶ್ರೀಮತಿ ಹಾಕ್ತಾರ, ಕುಮಾರಿ ಹಾಕ್ತಾರ, ಒಬ್ಬಾಂವಂತೂ "ಮಂಗಳಮುಖಿ ಸುಮಾ" ಅಂತ ದಪ್ಪ ಅಕ್ಷರದಾಗ ಹಾಕಿ ನಮ್ಮನ್ನೆಲ್ಲಾ ಕೆಳಗ ಸಣ್ಣದಾಗಿ ಹಾಕಿದ್ದ. ಅಕೀಗೆ ಬೇಕಾದ್ದು "ಗಾಯನ: ಸುಮಾ". ತಬಲಾದಾಂವಂಗ ತಬಲಾ ಅಂತ ಹಾಕ್ತಾರಲ್ಲ, ಹಂಗ.

ಆ ಶಿವಾನುಭವದ ರಾತ್ರಿ ಏನಾತು ಅಂದ್ರ, ದೊಡ್ಡದೇನೂ ಆಗ್ಲಿಲ್ಲ. ಮೊದಲನೇ ಸಾಲಿಗೆ ಮಂದಿ ತಿರುಗಿ ತಿರುಗಿ ನೋಡಿದ್ರು, ಸೀರಿ ಒಂದು ಕಡೆ ದನಿ ಒಂದು ಕಡೆ. ಹಿಂದ ಒಂದು ಹತ್ತು ಮಂದಿ ಎದ್ದು ಹೋದ್ರು. ಎರಡನೇ ಪದಕ್ಕ ಸುಮ್ನಾದ್ರು. ದನಿ ಒಡೀತೈತಿ ಅಂತ ಕಾಯಾಕ ಏನೂ ಇದ್ದಿಲ್ಲಲ್ಲ, ಒಡಿಯಾಕ ಜಾಗಾನ ಇಲ್ಲ, ಅಷ್ಟು ತುಂಬಿ ಬರಾಕ ಹತ್ತಿತ್ತು. ಪ್ರಸಾದದ ಟೈಮಿಗೆ ಒಬ್ಬಾಕಿ ಮುದುಕಿ ಬಂದು ಅಕೀ ಗಲ್ಲಾ ಹಿಡದು "ಥೇಟ್ ನಮ್ಮತ್ತಿ ದನಿ ನೋಡವಾ ನಿಂದು, ಹೊಲದಾಗ ನಿಂತು ಒದರಿದ್ರ ಊರಿಗೆ ಕೇಳಸ್ತಿತ್ತು" ಅಂದ್ಲು. ಸುಮಾ ಅದನ್ನ ಇವತ್ತಿಗೂ ಹೇಳ್ಕೊಂಡು ನಗ್ತಾಳ.

ಲುಕ್ಸಾನೂ ಆತು, ಅದನ್ನ ಮುಚ್ಚಿಟ್ರ ಈ ಬರಹಕ್ಕ ಅರ್ಥ ಇಲ್ಲ. ಮದವಿ ಆರ್ಡರ್ ಹೆಚ್ಚು ಕಮ್ಮಿ ಬಂದ್ ಆದ್ವು, ಸಿನಿಮಾ ಹಾಡಿನ ಹೆಣ್ಣು ಭಾಗಕ್ಕ ಕರಿ ಒಂದರ ದನಿ ಅವ್ರಿಗೆ ಬೇಡ. ಒಂದು ವರ್ಷ ಅಕೀ ಗಳಿಕಿ ಡಬಲ್ ವಾಯ್ಸ್ ಕಾಲದ ಅರ್ಧಕ್ಕ ಇಳೀತು, ಹಗಲು ಟೇಲರಿಂಗ್ ಮಾಡಿ ಸರಿದೂಗಿಸಿದ್ಲು. ಮ್ಯಾನೇಜರ್ ನಮ್ಮನ್ನ ಬಿಟ್ಟ. ತತ್ವಪದ, ವಚನ, ದಾಸರ ಪದ, ಸಣ್ಣ ಸಣ್ಣ ಊರ ಕಾರ್ಯಕ್ರಮ ಇವು ಕೂಡಿ ಕೂಡಿ ಈಗ ನಡದೈತಿ.

ವಚನದ್ದೊಂದು ತಮಾಷೆ ಐತಿ. ಒಳಗಿನ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅನ್ನೂ ವಚನ ಎಲ್ಲಾರಿಗೂ ಗೊತ್ತು. ವಿಚಾರವಂತ ಸಂಘಟಕರು, ಕಾಲೇಜಿನ ಸರ್‌ಗೋಳು, ಬಹಳ ಪ್ರೀತಿಯಿಂದ ಅದ ವಚನ ಹಾಡ್ರಿ ಅಂತಾರ, ಸುಮಾಗೆಂದ ಬರದಂಗ ಐತಿ ಅಂತ ಅವರ ಭಾವನಾ. ಅಕಿ ಹಾಡಂಗಿಲ್ಲ. "ಎಲ್ಲಾರ ಆತ್ಮಾನೂ ಹಂಗಂದ್ರ ಎಲ್ಲಾರೂ ಹಾಡ್ಲಿ. ನಾ ಹೆಣ್ಣು ಅನ್ನಿಸ್ಕೊಳ್ಳಾಕ ಇಷ್ಟು ವರ್ಷ ಹೆಣಗಾಡೀನಿ, ಸ್ಟೇಜ್ ಹತ್ತಿ ಹೆಣ್ಣೂ ಅಲ್ಲ ಅಂತ ನಾನ ಯಾಕ ಹಾಡ್ಲಿ?" ಇದನ್ನ ಕೇಳಿ ಒಬ್ಬ ಸರ್ ಬೇಜಾರಾದ್ರು. ನಂಗ ಮಾತ್ರ ಇಷ್ಟು ಚಂದ ವಿಮರ್ಶೆ ಯಾವ ಸೆಮಿನಾರಿನ್ಯಾಗೂ ಕೇಳಿಲ್ಲ ಅನಿಸ್ತು.

ಕಾಗದ ಪತ್ರದ ಗೋಳು ಸಂಕ್ಷಿಪ್ತ ಹೇಳ್ತೀನಿ. ಸುಪ್ರೀಂ ಕೋರ್ಟ್ 2014ರಾಗ ತಮ್ಮ ಲಿಂಗ ತಾವ ಹೇಳ್ಕೊಳ್ಳೂ ಹಕ್ಕು ಐತಿ ಅಂತು, 2019ರ ಕಾಯ್ದೆ 2020ರ ಜನವರಿ 10ಕ್ಕ ಜಾರಿಗೆ ಬಂತು, ಅದರ ಪ್ರಕಾರ ಜಿಲ್ಲಾಧಿಕಾರಿಗಳಿಂದ ಗುರುತಿನ ಪ್ರಮಾಣಪತ್ರ. ಸುಮಾ ಆನ್‌ಲೈನ್ ಅರ್ಜಿ ಹಾಕಿ ತಗೊಂಡ್ಲು. ಆದ್ರ ಬ್ಯಾಂಕ್ ಖಾತೆ ಹಳೇ ಹೆಸರಿನ್ಯಾಗ, ಕರಪತ್ರ ಹೊಸ ಹೆಸರಿನ್ಯಾಗ, ಒಂದು ಸರಕಾರಿ ಕಾರ್ಯಕ್ರಮದ ಸಂಭಾವನಾ ಹೆಸರು ತಾಳೆ ಆಗಂಗಿಲ್ಲ ಅಂತ ಆರು ತಿಂಗಳು ನಿಂತು ಬಿಡ್ತು. ಮೇಳ ನಡಸಾವ್ರಿಗೆ ನನ್ನ ಕಿವಿಮಾತು, ಶ್ರುತಿಕಿಂತ ಮೊದಲ ಪಾಸ್‌ಬುಕ್ ನೋಡ್ರಿ. ಬಟ್ಟಿ ಬದಲಿಸೂ ಖೋಲಿನೂ ಮೊದಲ ಕೇಳಿ ಇಡ್ರಿ, ನಾವು ಕೇಳದ ಅಕಿ ಎಷ್ಟೋ ರಾತ್ರಿ ಗಾಡಿ ಸೀಟಿನ್ಯಾಗ ಬಗ್ಗಿ ಸೀರಿ ಉಟ್ಟಾಳ.

ಫೋನ್ ಮಾಡಿ ಕೇಳಾವ್ರು ಕಡೀಗೆ ಒಂದ ಪ್ರಶ್ನಿಗೆ ಬರ್ತಾರ, ಹಂಗಾದ್ರ ಎಲ್ಲಾ ಟ್ರಾನ್ಸ್ ಗಾಯಕಿಯರಿಗೂ ಶ್ರುತಿ ಇಳಿಸಬೇಕೇನ್ರಿ ಅಂತ. ಇಲ್ರಿ. ಧಾರವಾಡದಾಗ ಇನ್ನೊಬ್ಬಾಕಿ ಹುಡುಗಿ ಅದಾಳ, ತರಬೇತಿ ತಗೊಂಡು ಆರಾಮ ಬಿಳಿ ಐದಕ್ಕ, ಕರಿ ನಾಕರ ಬಾಜೂ ಪಟ್ಟಿಗೆ, ಹಾಡ್ತಾಳ, ಅಕೀ ಗಂಟಲ ಹಂಗೈತಿ, ಅಕೀ ಮನಸ್ಸೂ ಹಂಗೈತಿ. ನಾ ತಪ್ಪಿದ್ದು ಕರಿ ನಾಕು ಹಿಡದದ್ದಕ್ಕಲ್ಲ, ಕೇಳದ ಹಿಡದದ್ದಕ್ಕ. ಮತ್ತ ಆಮ್ಯಾಲೆ ಗಂಟಲ ಹಾಳಾಗೂದು ಕಣ್ಣಿಗೆ ಕಂಡ್ರೂ ಅದನ್ನ ಸಾಧನಾ ಅಂತ ಕರದದ್ದಕ್ಕ.

ಸುಮಾ ಈಗ ಹೊಸಾದೊಂದು ತಗದಾಳ. ಕರಿ ಒಂದೂ ಸ್ವಲ್ಪ ಎತ್ತರ ಆಗ್ತೈತ್ರಿ, ಚಳಿಗಾಲದಾಗ ಬಿಳಿ ಒಂದಕ್ಕ ಇಳೀಲೇನು ಅಂತ. ಇಳಿ ಅಂದೆ. ನನ್ನ ಪೇಟಿಯ ಆ ಬಿಳಿ ಪಟ್ಟಿ ಹೋದ ಮಳಿಗಾಲದಿಂದ ಒತ್ತಿದ್ರ ಮ್ಯಾಲೆ ಏಳವಲ್ದು, ಸೋಮವಾರ ರಿಪೇರಿಗೆ ಕೊಡಬೇಕು.